ರಾಜೇಶ್ವರಿ ಅಕ್ಕೋರ ಉಪಸಂಹಾರ

ಬೈಲಹೊಂಗಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ರಾಜೇಶ್ವರಿ ಅಕ್ಕೋರಿಗೆ ಸುತ್ತುಬಳಸಿ ಮಾತಾಡುವವರನ್ನು ಕಂಡರಾಗದು. ಪ್ರಬಂಧದ ವಿಷಯ ಮಳೆನೀರಿನ ಕೊಯ್ಲು ಇರಲಿ, ಮೊಬೈಲಿನ ಹಾವಳಿ ಇರಲಿ, ಮಕ್ಕಳು "ಮಾನವನು ಸಂಘಜೀವಿ" ಎಂದು ಪೀಠಿಕೆ ಹಾಕಿದರೆ ಕೆಂಪು ಪೆನ್ನು ಅಡ್ಡ ಹರಿಯುತ್ತದೆ. "ನೀ ಏನ್ ಅಂತಿ, ಅದನ್ನ ಮೊದಲ ಹೇಳು. ಆಮ್ಯಾಲೆ ಯಾಕ ಅಂತ ಹೇಳು. ಉಪಸಂಹಾರ ಎರಡ ಸಾಲಿನ್ಯಾಗ ಮುಗಸಿ ಕೈ ಮುಗಿ." ಸಂತೆಯಲ್ಲಿ ಬದನೆಕಾಯಿಯ ಗುಣಗಾನ ಶುರುಮಾಡುವ ನಿಜಾಮಸಾಬನಿಗೂ ಇದೇ ಪಾಠ, ಮದುವೆಗೆ ಕರೆಯಲು ಬಂದ ನೆಂಟರಂತೂ ಊರು, ತಾರೀಖು ಹೇಳಿದ ಮೇಲೆಯೇ ಅವರ ಮನೆಯಲ್ಲಿ ಕೂರುತ್ತಾರೆ. ಇಂಥ ಅಕ್ಕೋರು, ತವರಿಗೆ ಬಂದ ಮಗಳು ಐಶ್ವರ್ಯಾಳನ್ನು ರಾಮದುರ್ಗದ ಬಸ್ಸು ಹತ್ತಿಸಲು ಬಂದಾಗ ಮಾತ್ರ ಕಿಟಕಿಯ ಸರಳು ಹಿಡಿದು ನಿಂತುಬಿಡುತ್ತಾರೆ. ಬುತ್ತಿಯೊಳಗಿನ ಶೇಂಗಾ ಹಿಂಡಿಯಿಂದ ಬೀಗಿತಿಯ ಮೊಣಕಾಲು ನೋವಿನವರೆಗೆ ಮಾತು ಹರಿಯುತ್ತಲೇ ಇರುತ್ತದೆ. ಕಂಡಕ್ಟರ್ ಸೀಟಿ ಊದುತ್ತಾನೆ. "ಉಪಸಂಹಾರ ಎರಡ ಸಾಲ ಸಾಕಂತ ಕಲಿಸಿದಾಕಿ ನೀನ ಅಲ್ಲೇನವ್ವಾ?" ಎಂದು ಮಗಳು ನಗುತ್ತಾಳೆ. ಹೊರಟ ಬಸ್ಸಿನ ಜೊತೆಗೇ ಹೆಜ್ಜೆ ಹಾಕುತ್ತ ಅಕ್ಕೋರು ಗದರುತ್ತಾರೆ: "ಸುಮ್ನಿರು, ನಂದಿನ್ನೂ ಪೀಠಿಕಿನ ಮುಗದಿಲ್ಲ."