ಅಮಾವಾಸ್ಯೆಯ ದಿನ ಮೀಟರಿನ ಮುಳ್ಳು

ಗಾಳಿ, ಸೋಂಕು, ಸತ್ತವರು ಬಂದು ಬಾಗಿಲು ತಟ್ಟಿದರು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗಿ ಅಕ್ಕಿ ಆರಿಸುತ್ತ ಕೂರುತ್ತಿದ್ದವಳು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಎದ್ದು ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. ಅದಕ್ಕೆ ಕಾರಣ ಒಂದು ಮಧ್ಯಾಹ್ನ. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು, ಒಲೆಯ ಮೇಲೆ ತೊಗರಿಬೇಳೆ. ಹೆದರುವಂಥ ಹೊತ್ತೇ ಅಲ್ಲ.

ವಿಸಿಡಿ ಪ್ಲೇಯರುಗಳು ಮನೆಮನೆಗೆ ಬಂದಿದ್ದ ಕಾಲ ಅದು. ಮೊಳಕಾಲ್ಮೂರಿನ ನೇಕಾರರ ಬೀದಿಯ ನಮ್ಮ ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ, ಮೂವರೇ. ಮನೆಯವರಿಗೆ ಹಾಡಿನ ಹುಚ್ಚು. ಚಳ್ಳಕೆರೆಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಅನ್ವರ್ ಭಾಯ್ ಕೈಯಲ್ಲಿ ಒಂದು ಸಬ್ ಊಫರ್ ಪೆಟ್ಟಿಗೆ ಮಾಡಿಸಿ ತಂದಿದ್ದರು. ನಮ್ಮ ರಾಗಿ ಹಿಟ್ಟಿನ ಡಬ್ಬಕ್ಕಿಂತ ದೊಡ್ಡದು. ಅದರ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತಿತ್ತು. ಆದರೆ ಒಂದು ತೊಂದರೆ. ಯಾವುದೋ ಒಂದು ಕೆಳಸ್ವರ ಬಂದಾಗ ಇಡೀ ನಡುಮನೆ ಗುಂಯ್ ಎನ್ನುತ್ತಿತ್ತು, ಗೂಡಿನಲ್ಲಿದ್ದ ಲೋಟಗಳು ಕುಣಿಯುತ್ತಿದ್ದವು. ಅದರ ಆಚೀಚೆಯ ಸ್ವರಗಳು ಇದ್ದೂ ಇಲ್ಲದಂತೆ.

ನಡುಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಕಿಟಕಿಯ ಮೂಲೆಯಲ್ಲಿ ಮಾವನವರ ಮಗ್ಗದ ಗುಂಡಿಯಿತ್ತು, ನೇಯುವವರು ಕಾಲು ಇಳಿಬಿಟ್ಟು ಕೂರುವಂಥದ್ದು. ಅವರು ತೀರಿಕೊಂಡ ಮೇಲೆ ಮಗ್ಗವನ್ನು ಬಂಧುಗಳಿಗೆ ಕೊಟ್ಟೆವು. ಗುಂಡಿಗೆ ಮಣ್ಣು ತುಂಬಿಸಲು ಮಾತ್ರ ಅತ್ತೆ ಒಪ್ಪಲಿಲ್ಲ. "ನೇಯೋರ ಮನೇಲಿ ಗುಂಡಿ ಮುಚ್ಚಬಾರ್ದು. ನಾಳೆ ಯಾರಾದ್ರೂ ಮಗ್ಗ ಹೂಡಿದ್ರೆ?" ಎಂದರು. ಅದಕ್ಕೆ ಹಲಗೆ ಹಾಸಿ, ಮೇಲೆ ಕಡಪಾ ಕಲ್ಲು ಹೊದಿಸಿದೆವು. ಕಾಲಕ್ರಮೇಣ ಅದೂ ನೆಲವೇ ಆಯಿತು. ತಂಪಾಗಿದೆಯೆಂದು ಅತ್ತೆ ತಮ್ಮ ಮಂಚವನ್ನು ಅಲ್ಲಿಗೇ ಹಾಕಿಸಿಕೊಂಡರು.

ಅತ್ತೆಗೆ ಕಿವಿ ಪೂರ್ತಿ ಹೋಗಿತ್ತು. ನಾವು ಮಾತಾಡುತ್ತಿದ್ದದ್ದು ಕೈಸನ್ನೆಯಲ್ಲೇ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಗಷ್ಟೇ ಕೋಲು ಹಿಡಿದು ನಡೆಯುವಂತಾಗಿದ್ದರು. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವರ ಕಾಲಡಿ ಒಂದು ಹನಿ ನೀರೂ ಬೀಳದಂತೆ ನೋಡಿಕೊಳ್ಳುವುದೇ ಆಗ ನನ್ನ ದಿನಚರಿ.

ಗುಂಯ್ ಎನ್ನುವ ಆ ಕೆಟ್ಟ ಸ್ವರ ಯಾವುದೆಂದು ಹುಡುಕಲು ಅನ್ವರ್ ಭಾಯ್ ಪರಿಚಯದ ಮೇಷ್ಟ್ರೊಬ್ಬರಿಂದ ಸದ್ದು ಅಳೆಯುವ ಮೀಟರ್ ಎರವಲು ತಂದರು. ಅಂಗೈಯಗಲದ ಡಬ್ಬಿ, ಮೇಲೊಂದು ಪುಟ್ಟ ಮೈಕು, ಗಾಜಿನೊಳಗೆ ಅಲ್ಲಾಡುವ ಮುಳ್ಳು. ಅಳೆಯಲು ಅಮಾವಾಸ್ಯೆಯನ್ನೇ ಆರಿಸಿದ್ದು ಮನೆಯವರು. ಅವತ್ತು ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಬೆಳಗಾದರೆ ಕಟಕಟ ಸದ್ದು, ಮುಳ್ಳು ನಿಲ್ಲುವುದೆಲ್ಲಿ?

ಕೆಳಸ್ವರಗಳನ್ನು ಒಂದೊಂದಾಗಿ ನುಡಿಸುವ ಸಿಡಿ ಹಾಕಿದರು. ನಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಸ್ಟೂಲಿನ ಮೇಲೆ ಮೀಟರ್. ಫ್ಯಾನು, ಫ್ರಿಜ್ಜು ಎಲ್ಲ ಬಂದ್. ಭಾಯ್ ಹೇಳಿದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆಯುವ ಕೆಲಸ ನನ್ನದು.

"ಅಕ್ಕಾ, ಬಳೆ ಸದ್ದಾಗ್ತೈತೆ. ಉಸಿರೂ ಮೆಲ್ಲಕ್ಕೆ ಬಿಡ್ರಿ."

"ಉಸಿರು ಕಟ್ಕಂಡು ಸತ್ರೆ ಚಾ ಮಾಡಿ ಕೊಡೋರ್ಯಾರು ಭಾಯ್?" ಎಂದೆ.

ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮುಳ್ಳು ಆ ತುದಿಗೆ ಹಾರಿತು. "ಬರ್ಕಳ್ರಿ, ಇದು ಬೇಳೆ ಸ್ವರ" ಎಂದು ಭಾಯ್ ನಕ್ಕರು. ಒಲೆ ಆರಿಸಿ ಬಂದು ಮತ್ತೆ ಶುರು ಮಾಡಿದೆವು. ಆ ಕೆಟ್ಟ ಸ್ವರ ಬಂದಾಗ ಲೋಟಗಳು ಕುಣಿದವು, ಕಿಟಕಿ ಗಾಜು ನಡುಗಿತು. ಮಂಚದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಆಗ ಕರೆಂಟು ಹೋಯಿತು.

"ತಗಾ, ಆಯ್ತಲ್ಲ!" ಎಂದು ಮನೆಯವರು ತೊಡೆ ತಟ್ಟಿಕೊಂಡರು. ಪೆಟ್ಟಿಗೆ ಸುಮ್ಮನಾಯಿತು. ಬೀದಿಯೂ ಸುಮ್ಮನೆ. ಮೀಟರ್ ಮಾತ್ರ ಸೆಲ್ಲಿನ ಮೇಲೆ ನಡೆಯುತ್ತಿತ್ತು. ಮುಳ್ಳು ತಳಕ್ಕೆ ಬಿದ್ದು ಮಲಗಿತು. ಮಲಗಿದ್ದು ಎದ್ದಿತು. ಮತ್ತೆ ಬಿದ್ದಿತು, ಮತ್ತೆ ಎದ್ದಿತು. ಒಂದೇ ಲಯದಲ್ಲಿ. ನಮಗೆ ಏನೂ ಕೇಳಿಸುತ್ತಿರಲಿಲ್ಲ.

"ದೂರ ಲಾರಿ ಹೋಗ್ತಿರ್ಬೇಕು" ಎಂದರು ಭಾಯ್. ನಾನು ಬಾಗಿಲಿಗೆ ಹೋಗಿ ನೋಡಿದೆ. ಬೇವಿನ ನೆರಳಲ್ಲಿ ನಾಲ್ಕು ಕುರಿ ಬಿಟ್ಟರೆ ಒಂದು ಸೈಕಲ್ ಕೂಡ ಇಲ್ಲ. ಭಾಯ್ ಮೀಟರನ್ನು ಕೈಯಲ್ಲಿ ತಟ್ಟಿದರು, ಸೆಲ್ ತೆಗೆದು ಹಾಕಿದರು. ಮುಳ್ಳು ಮತ್ತೆ ಅದೇ ಲಯ ಹಿಡಿಯಿತು.

ಅಷ್ಟರಲ್ಲಿ ಅತ್ತೆ ಎದ್ದು ಕೂತರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, "ಯಾವನ್ಲೇ ಅವನು, ಅಮಾಸಿ ದಿನ ಮಗ್ಗ ಹೊಡೀತಿರೋನು?" ಎಂದರು.

ಮೂವರೂ ಮುಖ ಮುಖ ನೋಡಿಕೊಂಡೆವು. ಭಾಯ್ ಮೀಟರ್ ಹಿಡಿದು ಮನೆಯೊಳಗೆ ನಡೆದಾಡಿದರು. ಅಡುಗೆಮನೆ ಕಡೆ ಹೋದರೆ ಮುಳ್ಳು ಕುಗ್ಗುತ್ತಿತ್ತು, ಕಿಟಕಿ ಕಡೆ ಬಂದರೆ ಏರುತ್ತಿತ್ತು. ಮಂಚದ ಹತ್ತಿರ ಬಂದಾಗ ಅವರ ಮುಖ ಬದಲಾಯಿತು. "ತಿಪ್ಪೇಶಣ್ಣ, ಅಮ್ಮನ್ನ ಏಳ್ಸಿ. ಕೆಳಗೆ ಏನೋ ಐತೆ" ಎಂದು ಮನೆಯವರಿಗೆ ಹೇಳಿದರು.

ಅತ್ತೆ ಏಳಬೇಕಲ್ಲ! "ಹೊಡಿಯೋನ್ನ ಬೈಯ್ರಿ ಹೋಗಿ, ನನ್ನ್ಯಾಕೆ ಏಳಿಸ್ತೀರಾ" ಎಂದು ಮಗನ ಕೈ ತಳ್ಳಿದರು. ನಾನು ಹೊರಗೆ ಕೈ ತೋರಿಸಿ, ಎಲೆ ಅಡಿಕೆ ಮೆಲ್ಲುವ ಸನ್ನೆ ಮಾಡಿದೆ. ಎಲೆ ಅಡಿಕೆಯೆಂದರೆ ಅವರಿಗೆ ಸೊಂಟದ ನೋವೂ ನೆನಪಾಗುತ್ತಿರಲಿಲ್ಲ. ನನ್ನ ತೋಳು ಹಿಡಿದು, ಗೊಣಗುತ್ತ, ಹೆಜ್ಜೆ ಹೆಜ್ಜೆಯಾಗಿ ಜಗಲಿಗೆ ಬಂದು ಕೂತರು. ಒಳಗೆ ಗಂಡಸರಿಬ್ಬರೂ ಮಂಚವನ್ನು ಎತ್ತಿ ಈಚೆಗೆ ಇಟ್ಟರು. ಭಾಯ್ ಮೀಟರನ್ನು ಕಲ್ಲಿನ ಪಕ್ಕ ಇಡಲು ಬಗ್ಗುತ್ತಿದ್ದರಂತೆ. ಆಗಲೇ ದೊಡ್ಡ ಸದ್ದೊಂದು ನನಗೆ ಜಗಲಿಯವರೆಗೂ ಕೇಳಿಸಿತು. ಕಡಪಾ ಕಲ್ಲು ನಡುವೆ ಎರಡಾಗಿ, ದಡಾರನೆ ಗುಂಡಿಯೊಳಗೆ ಕುಸಿದಿತ್ತು.

ಓಡಿ ಹೋಗಿ ನೋಡಿದೆ. ಕೆಳಗಿನ ಹಲಗೆಯನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಮಂಚದ ಕಾಲುಗಳು ನಿಂತಿದ್ದ ಜಾಗದಲ್ಲಿ ಈಗ ಕತ್ತಲು, ಒಡೆದ ಕಲ್ಲಿನ ಚೂಪು ಅಂಚು. ಮನೆಯವರು ಅಲ್ಲೇ ನೆಲಕ್ಕೆ ಕೂತು "ಅವ್ವ, ಅವ್ವ" ಎನ್ನುತ್ತಿದ್ದರು. ಅವ್ವ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಭಾಯ್ ದೇವರನ್ನು ನೆನೆದು ಕೈಯೆತ್ತಿ ಮುಖ ಒರೆಸಿಕೊಂಡರು. ನನಗೆ ಅಳು ಬಂತು, ನಗುವೂ ಬಂತು. ಆಮೇಲೆ ಚಾ ಮಾಡುವಾಗ ಸಕ್ಕರೆ ಹಾಕಲು ಮರೆತೆ. ಯಾರೂ ಸಕ್ಕರೆ ಕೇಳಲಿಲ್ಲ.

ಕಲ್ಲು ಬಿದ್ದದ್ದರಲ್ಲಿ ವಿಚಿತ್ರವೇನೂ ಇಲ್ಲ ಎಂದು ನೀವು ಹೇಳುತ್ತೀರಿ. ನಾನೂ ಒಪ್ಪುತ್ತೇನೆ. ಗೆದ್ದಲು ತಿಂದ ಹಲಗೆ, ಊಫರಿನ ನಡುಕ, ಬಿರುಕು ಬಿಟ್ಟ ಕಲ್ಲು. ಆ ಕೆಟ್ಟ ಸ್ವರಕ್ಕೆ ಕಾರಣವೂ ಕೆಳಗಿನ ಟೊಳ್ಳೇ ಎಂದು ಭಾಯ್ ಹೇಳಿದರು. ಆದರೆ ಪೆಟ್ಟಿಗೆ ಸುಮ್ಮನಾದ ಮೇಲೆ ಮುಳ್ಳನ್ನು ಎಬ್ಬಿಸಿದ್ದು ಏನು? ಕುಸಿಯುವ ಕಲ್ಲು ನೇಕಾರನ ಹಾಗೆ ಲಯ ಹಿಡಿದು ಬಡಿಯುತ್ತದೆಯೇ? ಲೋಟ ಕುಣಿಸುವ ಸದ್ದಿಗೆ ಏಳದ ಅತ್ತೆ, ನಮ್ಮ ಮೂವರ ಕಿವಿಗೂ ಬೀಳದ ಸದ್ದಿಗೆ ಎದ್ದದ್ದು ಹೇಗೆ? ಭಾಯ್ ಚಳ್ಳಕೆರೆಯಲ್ಲಿ ಮೇಷ್ಟ್ರನ್ನು ಕೇಳಿದರಂತೆ. ಅವರು ಮೀಟರ್ ಪರೀಕ್ಷಿಸಿ, ಸರಿಯಾಗಿಯೇ ಇದೆ ಎಂದರಂತೆ.

ಗುಂಡಿಯ ಮುಂದೆ ಅತ್ತೆ ಕೋಲೂರಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಯಾರೂ ಕೇಳದೆ ಅವರೇ, "ಮಣ್ಣು ತುಂಬಿಸ್ರಿ" ಎಂದರು. ಕೆಮ್ಮಣ್ಣು ತರಿಸಿ, ಬಡಿದು, ಮೇಲೆ ಹೊಸ ಕಲ್ಲು ಹಾಸಿದೆವು.

ಮುಂದಿನ ಅಮಾವಾಸ್ಯೆಗೆ ಭಾಯ್ ಮೀಟರ್ ಹಿಡಿದು ಮತ್ತೆ ಬಂದರು. ಆ ಕೆಟ್ಟ ಸ್ವರ ತಗ್ಗಿತ್ತು, ಲೋಟಗಳು ಕದಲಲಿಲ್ಲ. ಕೊನೆಗೆ ಎಲ್ಲ ಆರಿಸಿ, ಮೀಟರನ್ನು ಹೊಸ ಕಲ್ಲಿನ ಮೇಲೆ ಇಟ್ಟು ನೋಡಿದೆವು. ಮುಳ್ಳು ತಳ ಬಿಟ್ಟು ಏಳಲಿಲ್ಲ.

ಮಂಚದ ಮೇಲಿಂದ ಅತ್ತೆ ಆ ಡಬ್ಬಿಯನ್ನೇ ನೋಡುತ್ತಿದ್ದರು. "ನಿಂತೋಯ್ತಾ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ. ಅವರು ಮಗ್ಗದ ನಡುಕ ಇನ್ನೂ ತಟ್ಟುತ್ತದೆಯೇ ಎಂದು ನೋಡುವವರಂತೆ ಸ್ವಲ್ಪ ಹೊತ್ತು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಆಮೇಲೆ ಕೈ ತೆಗೆದು, ಸೆರಗು ಹೊದ್ದು, ಮಗ್ಗುಲಾದರು.