ಬೆನ್ನ ಹಿಂದಿನ ಬೆಳ್ಳಕ್ಕಿ

ಸೂಝೌ ಊರಿನ ಕಾಲುವೆ ದಂಡೆಯಲ್ಲಿ ಮಿಯಾವ್ ಮನೆಯವರದು ಪಟ ಕಟ್ಟುವ ಕಸುಬು. ಚಿತ್ರಗಾರರು ಕಾಗದದ ಮೇಲೋ ರೇಷ್ಮೆಯ ಮೇಲೋ ಬರೆದದ್ದಕ್ಕೆ ಹಿಂದಿನಿಂದ ಹಾಳೆ ಅಂಟಿಸಿ, ಅಂಚು ಕೂಡಿಸಿ, ಗೋಡೆಗೆ ತೂಗುಬಿಡುವ ಸುರುಳಿ ಮಾಡಿಕೊಡುವುದು. ಮುದುಕ ಮಿಯಾವ್‌ಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಜಿಂಗ್‌ಶುಗೆ ಗೋಧಿಯ ಅಂಟು ಕಾಯಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿ, ಬೋಯುವಾನ್ ಎಂಬ ಬಡ ಚಿತ್ರಗಾರನನ್ನು ಮನೆಯಳಿಯನಾಗಿ ತಂದುಕೊಂಡು ಕಣ್ಣು ಮುಚ್ಚಿದ.

ಬೋಯುವಾನ್ ಬೆಟ್ಟ, ಮಂಜು, ಬಿದಿರು ಬರೆಯುತ್ತಿದ್ದ. ಎಲ್ಲವೂ ಬರೀ ಮಸಿಯಲ್ಲೇ. ಬಣ್ಣವೆಂದರೆ ಅವನಿಗೆ ಮೂಗು ಮುರಿಯುವ ವಿಷಯ.

"ಬಣ್ಣ ಬಳಿಯೋದು ಮದುಮಗಳ ಕೆನ್ನೆಗೆ," ಎನ್ನುತ್ತಿದ್ದ.

"ನಿಮ್ಮ ಬೆಟ್ಟಕ್ಕೂ ಸ್ವಲ್ಪ ಬಳೀರಿ. ಯಾರಾದ್ರೂ ಕಟ್ಕೊಂಡು ಹೋಗ್ಲಿ," ಎಂದು ಜಿಂಗ್‌ಶು ಅಂಟು ಕಲಸುತ್ತಲೇ ಚುಚ್ಚುತ್ತಿದ್ದಳು.

ಜಪಾನಿಯರ ಯುದ್ಧ ಮುಗಿದ ಮೇಲಿನ ವಸಂತದಲ್ಲಿ ಚಹಾ ಅಂಗಡಿಯ ಫಾಂಗ್ ಒಂದು ಹಳೆಯ ರೇಷ್ಮೆ ಪಟ ತಂದ. ತಾವರೆ ಕೊಳದಲ್ಲಿ ಒಂಟಿ ಬೆಳ್ಳಕ್ಕಿ. ಅವನ ತಾಯಿ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಹೊಗೆ ಹಿಡಿದು ರೇಷ್ಮೆ ಚಹಾದ ಬಣ್ಣಕ್ಕೆ ತಿರುಗಿತ್ತು, ಹಿಂದಿನ ಹಾಳೆ ಅಲ್ಲಲ್ಲಿ ಉಬ್ಬಿ ಎದ್ದಿತ್ತು.

"ಅಕ್ಕಾ, ಅಮ್ಮನ ಹುಟ್ಟುಹಬ್ಬಕ್ಕೆ ಹೊಸದಾಗಿ ಕಟ್ಟಿಕೊಡಿ. ಈ ಹಕ್ಕಿ ತೀರಾ ಮಂಕಾಗಿದೆ, ಯಜಮಾನ್ರ ಕೈಲಿ ಒಂಚೂರು ಬಿಳಿ ಹಚ್ಚಿಸಿಬಿಡಿ."

"ಮೊದ್ಲು ತೊಳೆದು ನೋಡೋಣ," ಎಂದಳು ಜಿಂಗ್‌ಶು.

ಮರುದಿನ ಬೆಳಗಿನ ಬೆಳಕಿನಲ್ಲಿ ಅವಳು ಪಟವನ್ನು ಕೆಂಪು ಅರಗಿನ ಮೇಜಿನ ಮೇಲೆ ಹಾಸಿ ಮುಂಬದಿಯ ಹೊಗೆ ತೊಳೆದು, ಬೋರಲು ಹಾಕಿ, ಬಿಸಿನೀರು ಚಿಮುಕಿಸಿ, ನೆನೆದ ಹಳೆಯ ಹಾಳೆಯನ್ನು ಬೆರಳ ತುದಿಯಿಂದ ಉಜ್ಜಿ ಉಜ್ಜಿ ತೆಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಬೆರಳು ಹಸಿರಾಯಿತು.

ಅವಳು ತಟ್ಟನೆ ಕೈ ಎತ್ತಿದಳು. ಮುಂದಿನ ಬಣ್ಣ ನೀರಿಗೆ ಕರಗಿ ಹಿಂದಕ್ಕೆ ಇಳಿಯುತ್ತಿದೆ, ಪಟ ಕೆಟ್ಟಿತು ಎಂದುಕೊಂಡಳು.

"ರೀ, ಇಲ್ಲಿ ಬನ್ರೀ!"

ಬೋಯುವಾನ್ ಕುಂಚ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ. "ಕರಗಿದ್ರೆ ಹರಡ್ಬೇಕಿತ್ತು ಕಣೇ. ಇದಕ್ಕೆ ಅಂಚಿದೆ ನೋಡು. ಎಲೆ ಆಕಾರಾನೇ ಇದೆ."

ಇತ್ತು. ಜಿಂಗ್‌ಶು ಉಸಿರು ಬಿಗಿಹಿಡಿದು, ಉಜ್ಜುವುದನ್ನು ಬಿಟ್ಟು, ಚಿಮುಟದಿಂದ ಎಳೆ ಎಳೆಯಾಗಿ ಹಾಳೆ ಬಿಡಿಸಿದಳು. ಕಲ್ಲು ಅರೆದು ಮಾಡಿದ ಹಸಿರು, ಒಂದೊಂದು ತಾವರೆ ಎಲೆಯ ಹಿಂದೂ ದಟ್ಟವಾಗಿ ಹರಡಿಕೊಂಡಿತ್ತು. ಬಿಸಿಲನ್ನೇ ಕಾಣದ ಆ ಬಣ್ಣ ನಿನ್ನೆ ಬಳಿದಂತಿತ್ತು. ಮೊಗ್ಗಿನ ಹಿಂದೆ ನಸುಗೆಂಪು. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಬಂತು. ಕಣ್ಣಿಲ್ಲ, ಕೊಕ್ಕಿಲ್ಲ, ಒಂದು ಗೆರೆಯೂ ಇಲ್ಲ. ಚಿಪ್ಪು ಅರೆದ ಬಿಳಿಯಲ್ಲಿ ಬೆಳ್ಳಕ್ಕಿಯ ಇಡೀ ಮೈ, ಬರೀ ಬೆಳಕು.

ಬೇರೆ ಪಟಗಳಲ್ಲಿ ಮುಖದ ಹಿಂದೆ, ಹೂವಿನ ಹಿಂದೆ ಒಂದಿಷ್ಟು ಬಿಳಿ ತಾಗಿಸಿದ್ದನ್ನು ಅವಳು ಹಿಂದೆಯೂ ಕಂಡಿದ್ದಳು. ಆದರೆ ಒಂದು ಕೊಳವನ್ನೇ ಬೆನ್ನಿಗೆ ಬರೆದವನನ್ನು ಕಂಡಿರಲಿಲ್ಲ. ಮುಂದೆ ತೆಳು ಮಸಿಯ ಗರಿಗಳಷ್ಟೇ. ಅವಕ್ಕೆ ಮೈ ಕೊಟ್ಟದ್ದೆಲ್ಲ ಹಿಂದಿನಿಂದ ರೇಷ್ಮೆಯ ಎಳೆಗಳ ನಡುವೆ ಸೋಸಿ ಬರುವ ಈ ಬಣ್ಣ. ಅವಳಿಗೆ ಕೈ ಮುಗಿಯಬೇಕೆನ್ನಿಸಿತು. ಕೈ ಒದ್ದೆಯಿತ್ತು, ಹಾಗೇ ನಿಂತಳು.

ಬೋಯುವಾನ್ ಹಕ್ಕಿಯ ಮೇಲೆ ಇನ್ನಷ್ಟು ಬಗ್ಗಿದ. "ಯಾರು ಈ ಪುಣ್ಯಾತ್ಮ? ಮುಂದೆ ಹೆಸರೂ ಹಾಕಿಲ್ವಲ್ಲ."

"ಹಾಕಿದ್ರೆ ಹಿಂದೇನೇ ಹಾಕಿರ್ತಾನೆ," ಎಂದಳವಳು. ಇಬ್ಬರೂ ಮೂಲೆ ಮೂಲೆ ಹುಡುಕಿದರು. ಎಲ್ಲೂ ಇರಲಿಲ್ಲ.

ಹೊಸ ಹಾಳೆ ಅಂಟಿಸಿದರೆ ಇದನ್ನು ಮತ್ತೆ ಕಾಣುವವರು ಮೊಮ್ಮಕ್ಕಳ ಮೊಮ್ಮಕ್ಕಳೇ. ಜಿಂಗ್‌ಶು ಒದ್ದೆ ಬಟ್ಟೆ ಹೊದಿಸಿ, "ಓಡಿ, ಫಾಂಗ್ ಅವರ ತಾಯೀನ ಕರ್ಕೊಂಡು ಬನ್ನಿ," ಎಂದು ಗಂಡನನ್ನು ಅಟ್ಟಿದಳು.

ಮುದುಕಿ ಮಗನ ತೋಳು ಹಿಡಿದು ಬಂದಳು. ಜಿಂಗ್‌ಶು ಬಟ್ಟೆ ಸರಿಸಿದಾಗ ಬಗ್ಗಿ ಕಣ್ಣು ಹತ್ತಿರ ತಂದಳು. ಆಮೇಲೆ ಬಿಳಿಯನ್ನು ಮುಟ್ಟಲು ಹೋಗಿ ಬೆರಳು ಹಿಂದಕ್ಕೆಳೆದುಕೊಂಡಳು.

"ಇಷ್ಟು ವರ್ಷ ಎದುರಿಗೇ ಇಟ್ಕೊಂಡು ಕಾಣ್ಲಿಲ್ಲವಲ್ಲ ಮಗಳೇ."

"ಕಂಡಿದ್ದೀರಮ್ಮಾ. ಮುಂದಿನಿಂದ ಕಂಡಿದ್ದೂ ಇದೇ ಬೆಳಕು. ಹೊಗೆ ಮುಚ್ಚಿತ್ತು, ಅಷ್ಟೇ."

ಫಾಂಗ್ ಚಡಪಡಿಸಿದ. "ಹಾಳೆ ಅಂಟಿಸ್ಬೇಡಿ ಅಕ್ಕಾ. ಎರಡೂ ಕಡೆ ಗಾಜು ಹಾಕಿಸ್ತೀನಿ, ಅಂಗಡಿಗೆ ಬಂದವ್ರೆಲ್ಲ ನೋಡ್ಲಿ."

"ಸುಮ್ನಿರೋ," ಎಂದಳು ಮುದುಕಿ. "ಬಿಸಿಲಿಗೆ ಒಡ್ಡಿ ಸಾಯಿಸ್ತೀಯಾ? ಅವನೆಲ್ಲಿಟ್ಟಿದ್ನೋ ಅಲ್ಲೇ ಇರ್ಲಿ. ಮುಚ್ಚು ಮಗಳೇ, ನಾನು ನೋಡಿದ್ದಾಯ್ತು."

ಜಿಂಗ್‌ಶು ತೆಳು ಹಾಳೆಗೆ ಅಂಟು ಸವರಿ, ಎಲೆಗಳ ಕಡೆಯಿಂದ ಹಾಸುತ್ತ ಬಂದಳು. ಹಕ್ಕಿಯ ತಲೆಯ ಹತ್ತಿರ ಹಾಳೆ ಒತ್ತುತ್ತಿದ್ದ ಕುಂಚ ತಡೆದು ನಿಂತಿತು. ಮುದುಕಿ ತಲೆಯಾಡಿಸಿದ ಮೇಲೆ ಅದನ್ನೂ ಮುಚ್ಚಿದಳು.

ಗೋಡೆಯ ಮೇಲೆ ಪಟ ಒಣಗುತ್ತ ಬಂದಂತೆ ಕೊಳದಲ್ಲಿ ಬೆಳ್ಳಕ್ಕಿ ಎದ್ದು ನಿಂತಿತು. ಬಿಳಿ ಹಚ್ಚಿಸುವ ಮಾತನ್ನು ಫಾಂಗ್ ಮತ್ತೆ ಎತ್ತಲಿಲ್ಲ. ಹುಟ್ಟುಹಬ್ಬದ ದಿನ ಅದರ ಕೆಳಗೆ ಕುಳಿತು ಮುದುಕಿ ದೀರ್ಘಾಯುಷ್ಯದ ಶಾವಿಗೆ ಉಂಡಳು. ಬಂದವರಿಗೆಲ್ಲ, "ಇದರ ಬೆನ್ನು ನಾನು ನೋಡಿದ್ದೀನಿ," ಎಂದಳು.

ಜಿಂಗ್‌ಶು ಕಣ್ಣು ಮಂಜಾಗುವವರೆಗೂ ಕಸುಬು ಬಿಡಲಿಲ್ಲ. ರೇಷ್ಮೆಯ ಪಟ ಬಂದರೆ ಬೋಯುವಾನ್‌ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹಳೆಯ ಹಾಳೆ ಬಿಡಿಸುತ್ತಿದ್ದಳು. ಅಂಥದ್ದು ಮತ್ತೊಂದು ಸಿಗಲಿಲ್ಲ. ಆದರೂ ಹಾಳೆಯ ಮೊದಲ ಎಳೆ ಏಳುವಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು.