ಬಸ್ ಟೀಚರ್ ಶ್ಯಾಮಲಮ್ಮ

ಶ್ಯಾಮಲಮ್ಮನಿಗೆ ಹೊಟ್ಟೆಯುರಿ ಹತ್ತಿದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ.

ಗಡಿಯ ತಮಿಳು ಸೀಮೆಯಲ್ಲಿ, ಜವಳಗಿರಿಯಿಂದಾಚೆ ಕಾಡಿನ ಅಂಚಿಗೆ ಅಂಟಿಕೊಂಡ ಊರಿನ ಕನ್ನಡ ಪ್ರಾಥಮಿಕ ಶಾಲೆ ಅದು. ಇರುವುದು ಹೆಂಚಿನ ಒಂದೇ ಉದ್ದ ಕೋಣೆ, ಪಕ್ಕದಲ್ಲಿ ಆರ್‌ಸಿಸಿ ಹಾಕಿದ ಅಡುಗೆಮನೆ. ಕೋಣೆಯ ನಡುವೆ ನಿಲ್ಲಿಸಿದ ಹಸಿರು ಬೋರ್ಡೇ ಗೋಡೆ. ಈಚೆಗೆ ಒಂದು, ಎರಡು, ಮೂರನೇ ಕ್ಲಾಸು, ಅದು ಶ್ಯಾಮಲಮ್ಮನದು. ಆಚೆಗೆ ನಾಲ್ಕು, ಐದು. ಅದು ಹೋದ ಜೂನಿನಲ್ಲಿ ಬಂದ ಹೊಸ ಟೀಚರ್ ಸರಿತಾಳದು. ಹೆಡ್ಮಾಸ್ಟರ್ ತಿಮ್ಮರಾಯಪ್ಪ ಜಗುಲಿಯ ಮೇಲೆ ಮೇಜು ಹಾಕಿಕೊಂಡು ಯಾವ ಕಡೆಗೂ ಸೇರದೆ ಕೂತಿರುತ್ತಿದ್ದರು.

ಶ್ಯಾಮಲಮ್ಮ ಸೂಳಗಿರಿ ಕಡೆಯ ಒಕ್ಕಲು ಮನೆಯ ಮಗಳು. ಟೀಚರ್ ಟ್ರೈನಿಂಗ್ ಓದುವಾಗ ಕನ್ನಡ ಶಾಲೆಗಳಿಗೆ ಪುಸ್ತಕ ಕೊಡಿ ಎಂದು ಕಚೇರಿ ಬಾಗಿಲಲ್ಲಿ ಬಿಸಿಲಿಗೆ ಕೂತವಳು, ಪೊಲೀಸ್ ವ್ಯಾನು ಹತ್ತಿ ಇಳಿದವಳು. ಮದುವೆಯಾಗಿ ತಳಿ ಎಂಬ ಊರಿಗೆ ಬಂದಳು. ಗಂಡ ನಾರಾಯಣಪ್ಪ ಹೊಸೂರಿನ ಫ್ಯಾಕ್ಟರಿಗೆ ಹೋದರೆ, ಇವಳು ಬೆಳಗಿನ ಬಸ್ಸಿಗೆ ಈ ಊರಿಗೆ ಬಂದು ನಾಲ್ಕೂವರೆ ಬಸ್ಸಿಗೆ ವಾಪಸು. ಹೀಗೇ ಇಪ್ಪತ್ತು ವರ್ಷದ ಮೇಲಾಯಿತು. ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡಲು ಬರುವವರ ಮಕ್ಕಳಿಗೂ ಅಕ್ಷರ ತಿದ್ದಿಸಿದವಳು ಇವಳೇ. ಊರಿನವರು ಇವಳನ್ನು ಒಳ್ಳೆಯವಳು ಎನ್ನುತ್ತಿರಲಿಲ್ಲ, ಗಟ್ಟಿ ಎನ್ನುತ್ತಿದ್ದರು. ಅವಳಿಗೆ ಅಷ್ಟು ಸಾಕಿತ್ತು.

ಗಟ್ಟಿತನ ಅಂದರೆ ಕೈಯಲ್ಲಿನ ಹುಣಸೆ ಬರಲು, ಅದೇ ಅವಳ ಬೆತ್ತ. ಹೊಡೆಯಬಾರದು ಅಂತ ಕಾನೂನು ಬಂದ ಮೇಲೆ ಅದನ್ನು ಮಕ್ಕಳ ಬದಲು ಮೇಜಿಗೆ ಹೊಡೆಯುತ್ತಿದ್ದಳು. ಮೇಜಿನ ಅಂಚು ಸಿಪ್ಪೆ ಎದ್ದಿತ್ತು. ಮಾತಾಡಿದವರ ಹೆಸರನ್ನು ಲೀಡರ್ ಹುಡುಗಿ ಬೋರ್ಡಿನ ಮೇಲೆ ಬರೆಯಬೇಕು, ಹೆಸರು ಬಂದವರು ಮಂಡಿಯೂರಬೇಕು. ಉಳಿದದ್ದನ್ನೆಲ್ಲ ಗಂಟಲು ನೋಡಿಕೊಳ್ಳುತ್ತಿತ್ತು. ಆ ಗಂಟಲು ಈಚೆಗೆ ಮಧ್ಯಾಹ್ನದ ಹೊತ್ತಿಗೆ ಒಡೆದ ಮಡಕೆಯ ಸದ್ದು ಮಾಡುತ್ತಿತ್ತು.

ಸರಿತಾ ಬಂದ ಹೊಸತರಲ್ಲಿ ಬೋರ್ಡಿನಾಚೆ ಸಂತೆಯೋ ಸಂತೆ. ಅನುಭವಿಸಲಿ ಎಂದು ಶ್ಯಾಮಲಮ್ಮ ಒಳಗೊಳಗೇ ಹಿಗ್ಗಿದ್ದಳು. ಆಮೇಲೆ ಆ ಹುಡುಗಿ ಬೆಂಚುಗಳನ್ನು ಗೋಡೆಗೆ ತಳ್ಳಿ, ಚಾಪೆ ಹಾಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಾನೂ ನೆಲಕ್ಕೆ ಕೂತಳು. ದಿನಾ ಬೆಳಗ್ಗೆ ಒಬ್ಬೊಬ್ಬರೂ ಏನಾದರೊಂದು ಹೇಳಬೇಕಂತೆ. ‘ನಮ್ ಹಸ ಕರ ಹಾಕ್ತು.’ ‘ನಮ್ಮಪ್ಪ ನೈಟ್ ಶಿಫ್ಟಿಗೆ ಹೋಗ್ಬುಟ್ಟ, ನಾನೇ ಹಾಲು ಹಾಕ್ಬಂದೆ.’ ಜಗಳ ಆದರೂ ಅಲ್ಲೇ ನ್ಯಾಯ. ಕಂಪಾಸು ಬಾಕ್ಸು ಮುರಿದವನು ಮಂಡಿಯೂರುವ ಹಾಗಿಲ್ಲ, ಕೂತು ರಿಪೇರಿ ಮಾಡಿಕೊಡಬೇಕು.

“ಇದೇನು ಸ್ಕೂಲಾ, ಹರಟೆ ಕಟ್ಟೇನಾ?” ಎಂದು ಶ್ಯಾಮಲಮ್ಮ ಆಚೆಗೆ ಕೇಳುವ ಹಾಗೇ ಅಂದಳು.

“ಎರಡೂ ಅನ್ಕೊಳ್ಳಿ ಟೀಚರ್” ಎಂದು ಸರಿತಾ ನಕ್ಕಳು. ತಿರುಗಿಸಿ ಬೈದಿದ್ದರೆ ವಾಸಿಯಿತ್ತು.

ಒಂದು ದಿನ ಆಚೆಯ ಗಲಾಟೆ ಮುಗಿಲು ಮುಟ್ಟಿದ್ದು, ಒಂದೇ ಉಸಿರಿಗೆ ನಿಂತುಹೋಯಿತು. ಯಾರೂ ಕೂಗಿಲ್ಲ, ಯಾರೂ ಮೇಜು ಬಡಿದಿಲ್ಲ. ಶ್ಯಾಮಲಮ್ಮ ಬೋರ್ಡಿನ ಸಂದಿಯಿಂದ ಇಣುಕಿದಳು. ಸರಿತಾ ಒಂದು ಕೈ ಮೇಲಕ್ಕೆತ್ತಿ, ಹಿಟ್ಟು ಒತ್ತುವ ಹಾಗೆ ಅಂಗೈಯನ್ನು ನಿಧಾನಕ್ಕೆ ಇಳಿಸುತ್ತಿದ್ದಳು. ಮಕ್ಕಳು ಪಕ್ಕದವರ ಹೆಗಲ ಮೇಲೆ ಕೈಯಿಟ್ಟರು, ಅದು ಸಾಲಾಗಿ ಸಾಗಿ ಕೊನೆಯವನನ್ನು ಮುಟ್ಟುವ ಹೊತ್ತಿಗೆ ಕೋಣೆಯೆಲ್ಲ ತಣ್ಣಗಾಗಿತ್ತು. ಕೊನೆಯವನು ವೇಣು. ಮೂರನೇ ಕ್ಲಾಸನ್ನು ಅರ್ಧಕ್ಕರ್ಧ ಬಾಗಿಲ ಹೊರಗೇ ನಿಂತು ಓದಿದವನು. ಅವನೂ ಬಾಯಿ ಮುಚ್ಚಿದ್ದ, ಕಣ್ಣಲ್ಲಿ ನಗು ಇಟ್ಟುಕೊಂಡು.

ಶ್ಯಾಮಲಮ್ಮನ ಎದೆಯಲ್ಲಿ ಒಣಮೆಣಸಿನಕಾಯಿ ಸುಟ್ಟ ಹಾಗಾಯಿತು. ಇವನ ಸಿಂಬಳ ಒರೆಸಿದ್ದು ನಾನು, ಇವನ ಕೈ ಹಿಡಿದು ‘ಅ’ ತಿದ್ದಿಸಿದ್ದು ನಾನು. ಇವಳು ಬಂದು ಕೈ ಎತ್ತಿದರೆ ಬಾಯಿ ಮುಚ್ಚುತ್ತಾನೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಅದನ್ನೇ ಗಂಡನ ತಟ್ಟೆಗೂ ಬಡಿಸಿದಳು. “ಚಾಪೆ ಮೇಲೆ ಕೂತ್ಕೋತಾಳೆ. ನಾಳೆ ಮಡ್ಲಲ್ಲಿ ಮಲಗಿಸ್ಕೋತಾಳೆ ನೋಡ್ತಿರಿ.”

“ಸದ್ದಿಲ್ಲ ಅಂದ್ರೆ ನಿನ್ಗೂ ಒಳ್ಳೇದಲ್ವೇನೇ?” ಎಂದ ನಾರಾಯಣಪ್ಪ.

“ನಿಮ್ಗೆ ಗೊತ್ತಿರೋದು ಮಿಷನ್ನು. ಸುಮ್ಕೆ ಉಣ್ಣಿ.”

ಮಾಗಿಯಲ್ಲಿ ಹೆತ್ತವರ ಮೀಟಿಂಗು ನಡೆಯಿತು. ಶಾಲೆಯ ಅಡುಗೆ ಮಾಡುವ ಇಂದ್ರಮ್ಮನ ಮೊಮ್ಮಗಳು ಮಾಲಾ, ಶ್ಯಾಮಲಮ್ಮನ ಹತ್ತಿರ ಎರಡನೇ ಕ್ಲಾಸು. ಇಂದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

“ಸಾರ್, ಬರೋ ಜೂನಿಂದ ಚಿಕ್ಕ ಕ್ಲಾಸ್ನೂ ಊರ್ ಟೀಚರಿಗೇ ಕೊಟ್ಬುಡಿ. ಮಕ್ಳು ಅವರ್ನೇ ಕೇಳ್ತವೆ.”

“ಊರ್ ಟೀಚರು ಯಾರು?” ಎಂದಳು ಶ್ಯಾಮಲಮ್ಮ.

“ಸರಿತಾ ಟೀಚರು. ಇಲ್ಲೇ ಬಾಡ್ಗೆ ರೂಮಲ್ಲವ್ರಲ್ಲ, ಮಕ್ಳು ಹಂಗೇ ಕರೀತಾವೆ.”

“ಹಂಗಾದ್ರೆ ನಾನು?”

ಇಂದ್ರಮ್ಮ ಸೂರು ನೋಡಿದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, “ಬಸ್ ಟೀಚರು” ಅಂದರು.

ತಿಮ್ಮರಾಯಪ್ಪ ಎಂದಿನಂತೆ ಬೇರೆಯವರ ಹೆಗಲಿಗೆ ದಾಟಿಸಿದರು. “ಶುಕ್ರವಾರ ಬ್ಲಾಕ್ ಆಫೀಸರು ಬತ್ತಾರೆ. ಎರಡು ಕಡೇನೂ ನೋಡ್ಲಿ. ಅವರು ಹೆಂಗೆ ಹೇಳ್ತಾರೋ ಹಂಗೆ.”

ಚಿಕ್ಕ ಕ್ಲಾಸು ಹೋದರೆ ಶ್ಯಾಮಲಮ್ಮನಿಗೆ ಉಳಿಯುವುದೇನು? ಲಂಗ ಎಳೆದುಕೊಂಡು ಅಳುತ್ತಾ ಬಂದ ಕೂಸು ತನ್ನ ಹೆಸರನ್ನು ತಾನೇ ಬರೆದು ತೋರಿಸುವ ದಿನ ಇದೆಯಲ್ಲ, ಅವಳು ಬಸ್ಸು ಹತ್ತುತ್ತಿದ್ದದ್ದು ಅದಕ್ಕೆ. ಅದನ್ನು ಮೊನ್ನೆ ಬಂದವಳು ಎತ್ತಿಕೊಂಡು ಹೋಗುವುದೇ? ಕೈ ಎತ್ತುವುದು ಯಾವ ದೊಡ್ಡ ವಿದ್ಯೆ, ನನಗೂ ಎರಡು ಕೈ ಇವೆ ಎಂದುಕೊಂಡಳು.

ಶುಕ್ರವಾರ ಆಫೀಸರು ಜೀಪಿನಿಂದ ಇಳಿದರು. ತಮಿಳು ಮನೆಮಾತು, ಕನ್ನಡವನ್ನೂ ತಮಿಳಿನ ಜತೆ ಸೇರಿಸಿ ಹದವಾಗಿ ಆಡುತ್ತಿದ್ದರು. ಆಚೆ ಕ್ಲಾಸು ನೋಡಿ ತಲೆದೂಗಿ ಈಚೆಗೆ ಬಂದರು. ಹೊಸ ಮುಖ ಕಂಡದ್ದೇ ತಡ, ಮಕ್ಕಳು ಕಲ್ಲೆಸೆದ ಹೆಜ್ಜೇನು ಗೂಡಾದರು. ಹುಣಸೆ ಬರಲು ಆಫೀಸರ ಭಯಕ್ಕೆ ಬೀರುವಿನ ಹಿಂದೆ ಅಡಗಿತ್ತು. ಶ್ಯಾಮಲಮ್ಮ ಒಂದು ಸಲ ಕೂಗಿದಳು, ಗಂಟಲು ಗೊಗ್ಗರಾಗಿ ಕೈಕೊಟ್ಟಿತು. ಆಗ ಬಲಗೈ ಎತ್ತಿ, ಅಂಗೈಯನ್ನು ನಿಧಾನಕ್ಕೆ ಇಳಿಸಿದಳು.

ಸದ್ದು ಕತ್ತರಿಸಿದಂತೆ ನಿಂತಿತು. ಅವಳ ಮುಖ ಅರಳಿತು. ಬೋರ್ಡಿನಾಚೆಗೆ ಒಂದು ನೋಟ ಎಸೆದಳು: ನೋಡೇ, ನೋಡು.

ಮುಂದಿನದನ್ನು ಅವಳು ಎಣಿಸಿರಲಿಲ್ಲ. ಮೂರನೇ ಕ್ಲಾಸಿನ ಲೀಡರ್ ಶಶಿಕಲಾ ಎದ್ದಳು. ಒಂದನೇ ಕ್ಲಾಸಿನ ಎರಡು ಮಕ್ಕಳ ಕೈ ಹಿಡಿದಳು. ಉಳಿದವರು ಒಬ್ಬರ ಹೆಗಲನ್ನೊಬ್ಬರು ಮುಟ್ಟಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಬರಿಗಾಲಲ್ಲಿ ಒಬ್ಬೊಬ್ಬರಾಗಿ ಬಾಗಿಲು ದಾಟಿ ಹೋದರು. ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಕ್ಲಾಸಿನಲ್ಲಿ ಉಳಿದದ್ದು ಚೀಲಗಳು, ಚಪ್ಪಲಿಗಳು, ಆಫೀಸರು ಮತ್ತು ಇನ್ನೂ ಕೈ ಎತ್ತಿಯೇ ನಿಂತಿದ್ದ ಶ್ಯಾಮಲಮ್ಮ.

“ಪಸಂಗ, ಮಕ್ಳು ಎಲ್ಲಿ ಹೋದ್ರಮ್ಮ?” ಎಂದರು ಆಫೀಸರು.

ಅವಳಿಗೂ ಗೊತ್ತಿದ್ದರೆ ತಾನೇ. ಹೊರಗೆ ಬಂದು ನೋಡಿದರೆ ಅಡುಗೆಮನೆ ಬಾಗಿಲು ಒಳಗಿನಿಂದ ಭದ್ರ. ದಬದಬ ಬಡಿದಳು. ಒಳಗಿನಿಂದ ಇಂದ್ರಮ್ಮನ ಪಿಸುದನಿ ಬಂತು.

“ಬಡೀಬ್ಯಾಡ್ರಿ ಟೀಚರಮ್ಮ! ಸ್ವಾಮಿ ಎಲ್ಲವ್ನೆ?”

“ಯಾವ ಸ್ವಾಮಿನೇ?”

“ಅಯ್ಯೋ, ಕೈ ಇಳಿಸಿದ್ದು ನೀವೇ ಅಂತಾವೆ ಮಕ್ಳು!”

ಆ ಊರಿನಲ್ಲಿ ಆನೆಯನ್ನು ಆನೆ ಎನ್ನುವುದಿಲ್ಲ, ಸ್ವಾಮಿ ಎನ್ನುತ್ತಾರೆ. ರಾಗಿ ತೆನೆ ಕಟ್ಟಿದಾಗ ಹೊಲದ ಅಟ್ಟಣೆಯ ಮೇಲೆ ಕಾವಲಿರುವವರು, ಸ್ವಾಮಿ ತೀರ ಹತ್ತಿರ ಬಂದರೆ ಕೂಗುವುದಿಲ್ಲ. ಬಲಗೈ ಎತ್ತಿ ಅಂಗೈ ಇಳಿಸುತ್ತಾರೆ. ಕಂಡವರು ಪಕ್ಕದವರ ಹೆಗಲು ಮುಟ್ಟಿ, ಸದ್ದಿಲ್ಲದೆ ಆರ್‌ಸಿಸಿ ಮನೆ ಸೇರಬೇಕು. ತಾಯಿ ಹಾಲು ಬಿಡುವ ಮುಂಚೆಯೇ ಮಕ್ಕಳು ಇದನ್ನು ಕಲಿಯುತ್ತವೆ. ತಮಾಷೆಗೂ ಯಾರೂ ಆ ಸನ್ನೆ ಮಾಡುವುದಿಲ್ಲ. ನಾಲ್ಕೂವರೆ ಬಸ್ಸು ಹತ್ತಿ ಹೋಗುವವಳಿಗೆ ಇಷ್ಟು ವರ್ಷದಲ್ಲಿ ಇದು ತಿಳಿದೇ ಇರಲಿಲ್ಲ.

ಬಾಗಿಲು ತೆರೆಯಿತು. ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು. ಗ್ಯಾಸು ಆರಿತ್ತು, ಅನ್ನ ಅರೆಬೆಂದಿತ್ತು. ಮಾಲಾ ಲಂಗ ಒದ್ದೆ ಮಾಡಿಕೊಂಡಿದ್ದಳು. ಅವಳ ತಾತ ಕುಂಟುವುದು ಸ್ವಾಮಿ ಸೊಂಡಿಲಲ್ಲಿ ಎತ್ತಿ ಎಸೆದ ದಿನದಿಂದಲೇ.

ಆಫೀಸರು ಕೈ ತಟ್ಟಿದರು. “ಎಲಿಫೆಂಟ್ ಡ್ರಿಲ್ಲಾ? ಅರುಮೈ! ಸಣ್ಣ ಮಕ್ಳು, ಒಂದು ಸತ್ತಂ, ಸದ್ದು ಇಲ್ಲ! ಯಾರು ಟ್ರೈನಿಂಗ್ ಕೊಟ್ಟಿದ್ದು?”

ಸರಿತಾ ಜಗುಲಿಯಲ್ಲಿ ನಿಂತಿದ್ದಳು. ನಡೆದದ್ದೆಲ್ಲ ಅವಳಿಗೆ ಅರ್ಥವಾಗಿತ್ತು, ಅದು ಶ್ಯಾಮಲಮ್ಮನಿಗೂ ಅರ್ಥವಾಯಿತು. ಆ ಹುಡುಗಿ ಒಂದು ಮಾತು ಆಡಿದರೆ ಚಿಕ್ಕ ಕ್ಲಾಸು ಅವಳದು.

“ಶ್ಯಾಮಲಮ್ಮ ಟೀಚರ್ ಕ್ಲಾಸು ಸಾರ್” ಎಂದಳು ಸರಿತಾ.

“ಹಂಗಾದ್ರೆ ಚಿಕ್ಕ ಮಕ್ಳು ಇವರ ಹತ್ರಾನೇ ಇರ್ಲಿ” ಎಂದು ಆಫೀಸರು ತಿಮ್ಮರಾಯಪ್ಪನವರಿಗೆ ಹೇಳಿ ಜೀಪು ಹತ್ತಿದರು.

ಗೆದ್ದಳು. ಗೆದ್ದ ಖುಷಿ ಎಲ್ಲೂ ಕಾಣಲಿಲ್ಲ. ಕಿತ್ತುಕೊಂಡಿದ್ದರೆ ಊರೆಲ್ಲ ಕೇಳುವಂತೆ ಬೈಯಬಹುದಿತ್ತು. ಬಿಟ್ಟುಕೊಟ್ಟವಳನ್ನು ಏನೆಂದು ಬೈಯುವುದು?

“ನಿನ್ ಮಕ್ಳು ಓಡಲ್ಲ, ನನ್ ಮಕ್ಳು ಯಾಕೆ ಓಡಿದ್ರು?” ಎಂದು ಸರಿತಾಳನ್ನು ತಡೆದು ಕೇಳಿದಳು.

“ನಾವು ಎಡಗೈ ಎತ್ತೋದು ಟೀಚರ್. ಬಲಗೈ ನಿಜವಾದ್ದಕ್ಕೇ ಇರ್ಲಿ ಅಂತ ಮಕ್ಕಳೇ ಕೂತು ತೀರ್ಮಾನ ಮಾಡಿದ್ರು.”

ಶ್ಯಾಮಲಮ್ಮ ಇಣುಕಿ ಕದ್ದದ್ದು ಕೈಯನ್ನು ಮಾತ್ರ. ಯಾವ ಕೈ ಎಂದು ನೋಡಿರಲಿಲ್ಲ. ಆ ಕೈ ಏಳುವ ಮುಂಚೆ ಚಾಪೆಯ ಮೇಲೆ ನಡೆದ ಮಾತನ್ನು ಹರಟೆ ಎಂದು ಕೇಳಿಸಿಕೊಂಡೇ ಇರಲಿಲ್ಲ.

ಸೋಮವಾರ ಮಾಲಾ ಈಚೆಗೆ ಬರಲಿಲ್ಲ. ಆಚೆ ಚಾಪೆಯ ಅಂಚಿನಲ್ಲಿ ಚೀಲ ತಬ್ಬಿಕೊಂಡು ಕೂತಳು.

“ಬಾರೇ ಇತ್ಲಾಗೆ” ಎಂದಳು ಶ್ಯಾಮಲಮ್ಮ.

“ಬರಾಕಿಲ್ಲ. ನೀವು ಸುಳ್ಳೇ ಕೈ ತೋರಿಸಿದ್ರಿ.”

ಎಲ್ಲರ ಎದುರಿಗೆ, ಅದೂ ಸರಿತಾಳ ಎದುರಿಗೆ. ಹುಣಸೆ ಬರಲು ಅಡಗಿದ್ದ ಬೀರುವಿನ ಕಡೆ ಕೈ ಹೋಗಿ ನಿಂತಿತು. ಶ್ಯಾಮಲಮ್ಮ ಈಚೆಗೆ ಬಂದು ಬೆಂಚುಗಳನ್ನು ಕರಕರ ಎಳೆದು ಗೋಡೆಗೆ ತಳ್ಳಿದಳು. ಹಳೆಯ ಚಾಪೆ ಕೊಡವಿ ಹಾಸಿದಳು. ಮಂಡಿ ಎರಡೂ ಲಟಕ್ಕೆಂದವು, ಬೈದುಕೊಂಡೇ ಕೂತಳು. ಮಕ್ಕಳು ಹೆದರಿ ನಿಂತೇ ಇದ್ದರು.

“ಕೂತ್ಕೊಳ್ರಲಾ. ನಂಗೆ ಆ ಸನ್ನೆ ಗೊತ್ತಿರ್ಲಿಲ್ಲ. ನಾನು ಬಸ್ ಟೀಚರಲ್ವಾ?”

ಆ ಹೆಸರು ಟೀಚರಿಗೂ ಗೊತ್ತು ಎಂದು ತಿಳಿದು ಮಕ್ಕಳ ಮುಖ ಮೊದಲು ಬಿಳುಚಿತು. ಆಮೇಲೆ ಒಂದು ಹಲ್ಲಿಲ್ಲದ ಬಾಯಿ ನಕ್ಕಿತು. ಆಮೇಲೆ ಎಲ್ಲ ಬಾಯಿಗಳೂ.

“ಜಾಸ್ತಿ ನಗಬ್ಯಾಡ್ರಿ. ಗಲಾಟೆ ಆದ್ರೆ ಏನ್ ಮಾಡೋದು? ನನ್ ಗಂಟ್ಲು ಹೋಗದೆ. ನೀವೇ ಒಂದು ಹೇಳಿ. ಕೈ ಬ್ಯಾಡ, ಅದು ಆಚೆಯವರದ್ದು.”

“ಕಿವಿ ಹಿಡ್ಕೊಳ್ಳಾನ” ಎಂದಳು ಶಶಿಕಲಾ.

“ಅದು ಶಿಕ್ಷೆ ಕಣೇ” ಎಂದು ನಾಲ್ಕಾರು ಮಕ್ಕಳು ಒಟ್ಟಿಗೆ ತಳ್ಳಿಹಾಕಿದರು.

ಹಲ್ಲಿಲ್ಲದ ಬಾಯಿ ಹೇಳಿತು: “ಮೂಗು ಹಿಡ್ಕೊಳ್ಳಾನ ಟೀಚರ್. ಬಾಯ್ ಬಿಟ್ಟೋನು ಸೋತ.”

ಎಲ್ಲರೂ ಒಪ್ಪಿದರು. ಊರಿನ ಎರಡು ತಲೆಮಾರು ಹೆದರಿದ್ದ ಶ್ಯಾಮಲಮ್ಮ ಚಾಪೆಯ ಮೇಲೆ ಮೂಗು ಹಿಡಿದು, ತುಟಿ ಬಿಗಿದು ಕೂತಳು. ಮಕ್ಕಳೂ ಹಿಡಿದರು. ಕೆನ್ನೆಗಳು ಉಬ್ಬಿದವು, ಕಣ್ಣುಗಳು ನೀರಾಡಿದವು, ಸದ್ದಿಲ್ಲ. ಕೊನೆಗೆ ಮೊದಲು ಬಾಯಿ ಬಿಟ್ಟವಳು ಟೀಚರೇ. ಎಲ್ಲರೂ ಸೂರು ಹಾರಿಹೋಗುವ ಹಾಗೆ ನಕ್ಕರು. ಅಷ್ಟರಲ್ಲಿ ಬೋರ್ಡಿನ ಕೆಳಗಿನಿಂದ ಮೊದಲು ಒಂದು ಚೀಲ ಈಚೆಗೆ ಬಂತು, ಅದರ ಹಿಂದೆ ಮಾಲಾ ತೆವಳಿಕೊಂಡು ಬಂದಳು.

ಮೇಲಿನಿಂದ ವೇಣುವಿನ ತಲೆಯೂ ಕಂಡಿತು. “ಟೀಚರ್, ನಮ್ಗೂ ಹೇಳ್ಕೊಡಿ.” ಅವನ ಹಿಂದೆ ಸರಿತಾಳ ಮುಖ. ನಗುತ್ತಿತ್ತು, ಆದರೆ ಆ ನಗು ಒಂದು ಚೂರು ಗಿಡ್ಡವಾಗಿತ್ತು. ಶ್ಯಾಮಲಮ್ಮ ಅದನ್ನು ಬಿಡದೆ ನೋಡಿದಳು.

“ನಿಮ್ಗೆ ನಿಮ್ ಕೈ ಐತಲ್ಲ, ಹೋಗ್ಲಾ” ಎಂದಳು. “ಇದು ನಮ್ದು.”

ಆ ದಿನವೂ ನಾಲ್ಕೂವರೆ ಬಸ್ಸಿಗೇ ಹೋದಳು. ಕಿಟಕಿ ಪಕ್ಕ ಕೂತು, ಸರಿತಾಳ ಆ ಗಿಡ್ಡ ನಗುವನ್ನು ತಳಿ ಬರುವವರೆಗೂ ಹುರಿಗಡಲೆಯಂತೆ ಒಂದೊಂದಾಗಿ ಮೆಲ್ಲುತ್ತಾ ಬಂದಳು.